ಎರಡೂವರೆ ವರ್ಷದವಳ ಬಾಯಿಗೆ 5 ಎಂಎಲ್ ಸಿರಪ್ ಸೇರಿಸೋದು ಹೇಗೆ?

ನಿದ್ದೆಗೆಟ್ಟಮ್ಮ:
ಮಗಳಿಗೆ ಎರಡೂವರೆ ವರ್ಷ, ತೂಕ 12 ಕೆಜಿ. ನೆಲದ ಮೇಲಿನ ದಾರ, ಚಪ್ಪಲಿಯ ಪಟ್ಟಿ, ತಮ್ಮನ ಕಾಲ್ಬೆರಳು ಎಲ್ಲವೂ ಬಾಯೊಳಗೆ ಸಲೀಸಾಗಿ ಹೋಗುತ್ತೆ. ಡಾಕ್ಟರ್ ಬರೆದುಕೊಟ್ಟಿದ್ದು ಮಾತ್ರ ಹೋಗಲ್ಲ. ಆಂಟಿಬಯಾಟಿಕ್ ದಿನಕ್ಕೆರಡು ಸಲ 5 ಎಂಎಲ್, ಜ್ವರ ಬಂದ್ರೆ ಪ್ಯಾರಾಸಿಟಮಾಲ್. ಚಮಚ ಕಂಡರೆ ಸಾಕು, ಹಲ್ಲು ಕಚ್ಚಿ ಕೂರ್ತಾಳೆ. ಹೇಗೋ ಬಾಯಿ ಬಿಡಿಸಿದ್ರೆ ಕಾರಂಜಿ. ಉಗುಳದ ಹಾಗೆ ಕುಡಿಸೋ ಕ್ರಮ ಏನು? ಹಾಲಿಗೆ ಬೆರೆಸಬಹುದಾ? ಉಗುಳಿದ್ರೆ ಮತ್ತೆ ಕೊಡಬೇಕಾ?

ಅವಳಿಜವಳಿ:
ಮೊದಲು ಚಮಚ ಬಿಡಿ. ಅಡುಗೆಮನೆ ಚಮಚಗಳ ಅಳತೆ ಒಂದೊಂದೂ ಒಂದೊಂದು ಥರ, ಸಾಲದ್ದಕ್ಕೆ ಮಗು ಕೈ ಬೀಸಿದ್ರೆ ಎಲ್ಲಾ ನಿಮ್ಮ ಮೇಲೆ. ಔಷಧಿ ಅಂಗಡಿಯಲ್ಲಿ ಬಾಯಿಗೆ ಹಾಕೋದಕ್ಕೆ ಅಂತಲೇ ಸೂಜಿ ಇಲ್ಲದ 5 ಎಂಎಲ್ ಸಿರಿಂಜ್ ಸಿಗುತ್ತೆ, ಅದನ್ನು ತಗೊಳ್ಳಿ. ತುದಿಗೆ ಪುಟ್ಟ ಮುಚ್ಚಳ ಇದ್ರೆ ಬಳಸೋ ಮುಂಚೆ ತೆಗೆದು ಎಸೆದುಬಿಡಿ, ಇಲ್ಲಾಂದ್ರೆ ಔಷಧಿ ಜೊತೆ ಅದೂ ಗಂಟಲಿಗೆ ಹಾರುತ್ತೆ. ಅಳತೆಗಿಂತ ಸ್ವಲ್ಪ ಜಾಸ್ತಿ ಎಳೆದು, ತುದಿ ಮೇಲೆ ಮಾಡಿ, ಬೆರಳಲ್ಲಿ ತಟ್ಟಿ, ಗುಳ್ಳೆ ಹೊರಗೆ ತಳ್ಳಿ ಗೆರೆಗೆ ತನ್ನಿ.

ಕೂರಿಸೋದರಲ್ಲೇ ಅರ್ಧ ಕೆಲಸ ಇದೆ. ಮಗುವನ್ನು ಮಡಿಲಲ್ಲಿ ಅಡ್ಡಡ್ಡ ಕೂರಿಸಿ. ನಿಮ್ಮ ಕಡೆಯ ಅವಳ ಕೈ ನಿಮ್ಮ ಬೆನ್ನ ಹಿಂದೆ ಹೋಗಲಿ, ಇನ್ನೊಂದು ಕೈಯನ್ನು ನೀವು ಹಿಡಿದಿರಿ, ತಲೆ ನಿಮ್ಮ ತೋಳಿಗೆ ಒರಗಿರಲಿ. ಕಾಲು ಒದೆಯೋರಿಗೆ ಟವೆಲ್ ಸುತ್ತಬಹುದು. ತಲೆ ನೆಟ್ಟಗಿರಬೇಕು, ಹಿಂದಕ್ಕೆ ಬಾಗಿಸಿದ್ರೆ ಉಸಿರುನಾಳಕ್ಕೆ ಹೋಗೋ ಭಯ. ಮೂಗು ಹಿಡಿಯೋ ಹಳೇ ಉಪಾಯವೂ ಅದೇ ಕಾರಣಕ್ಕೆ ಬೇಡ.

ಸಿರಿಂಜನ್ನು ನಾಲಿಗೆ ಮೇಲೆ ಇಡಬೇಡಿ. ತುಟಿಯ ಮೂಲೆಯಿಂದ ಕೆನ್ನೆ ಮತ್ತು ಒಸಡಿನ ನಡುವೆ ಜಾರಿಸಿ. ಹಲ್ಲು ಕಚ್ಚಿದ್ರೂ ಆ ಸಂದಿ ತೆರೆದೇ ಇರುತ್ತೆ, ಇದು ಅವರಿಗೆ ಇನ್ನೂ ಗೊತ್ತಾಗಿಲ್ಲ! ಒಂದು ಸಲಕ್ಕೆ ಅರ್ಧದಿಂದ ಒಂದು ಎಂಎಲ್ ಮಾತ್ರ ಬಿಟ್ಟು, ನುಂಗೋದನ್ನು ನೋಡಿ, ಆಮೇಲೆ ಮುಂದಿನದು. ಐದೂ ಎಂಎಲ್ ಒಟ್ಟಿಗೆ ತಳ್ಳಿದ್ರೆ ಕಾರಂಜಿ ಗ್ಯಾರಂಟಿ. ಜೋರಾಗಿ ಅಳ್ತಿರುವಾಗ ನಿಲ್ಲಿಸಿ, ಉಸಿರು ಎಳೆದುಕೊಳ್ಳೋ ಹೊತ್ತಲ್ಲಿ ಔಷಧಿಯೂ ಉಸಿರುನಾಳಕ್ಕೆ ಹೋಗಬಹುದು. ಎಳೆಗೂಸಾದ್ರೆ ಮುಖಕ್ಕೆ ಮೆಲ್ಲಗೆ ಒಂದು ಸಲ ಊದಿದ್ರೆ ತಾನಾಗೇ ನುಂಗುತ್ತೆ. ಎರಡೂವರೆಯವರು ವಾಪಸ್ ಊದ್ತಾರೆ.

ಹಾಲುಗಲ್ಲ:
ಇಷ್ಟೆಲ್ಲಾ ಕುಸ್ತಿ ಯಾಕೆ? ಹಾಲಿನ ಬಾಟಲಿಗೆ ಸುರಿದು ಕುಲುಕಿ ಕೊಟ್ಟುಬಿಡಿ, ಗೊತ್ತೇ ಆಗಲ್ಲ.

ಅಳತೆಮುಚ್ಚಳ:
ಗೊತ್ತಾಗುತ್ತೆ ಅಕ್ಕ. ಪೂರ್ತಿ ಬಾಟಲಿಗೆ ಬೆರೆಸಿದ್ರೆ ಪೂರ್ತಿ ಬಾಟಲಿ ಕುಡಿಯಲೇಬೇಕು. ಅರ್ಧಕ್ಕೆ ಬಿಟ್ಟರೆ ಎಷ್ಟು ಔಷಧಿ ಹೋಯ್ತು ಅಂತ ಬ್ರಹ್ಮನಿಗೂ ಲೆಕ್ಕ ಸಿಗಲ್ಲ. ಸಾಲದ್ದಕ್ಕೆ ನಾಳೆಯಿಂದ ಹಾಲಿನ ಮೇಲೂ ಅನುಮಾನ ಶುರು. ಬೆರೆಸಲೇಬೇಕಾದ್ರೆ ಒಂದೆರಡು ಚಮಚ ಹಣ್ಣಿನ ತಿರುಳಿಗೆ ಬೆರೆಸಿ ಕೂಡಲೇ ತಿನ್ನಿಸಿ, ಅದೂ ಔಷಧಿ ಅಂಗಡಿಯವರನ್ನು ಕೇಳಿ. ಕಬ್ಬಿಣದ ಸಿರಪ್‌ನಂಥವು ಹಾಲಿನ ಜೊತೆ ಮೈಗೆ ಸರಿಯಾಗಿ ಹಿಡಿಯಲ್ಲ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪದಲ್ಲಿ ಬೆರೆಸಿ ಕೊಡೋದಂತೂ ಬೇಡವೇ ಬೇಡ, ಬಾಟ್ಯುಲಿಸಂ ಅನ್ನೋ ಗಂಭೀರ ವಿಷಬಾಧೆಯ ಅಪಾಯ ಇದೆ. ರುಚಿಯೇ ಸಮಸ್ಯೆ ಆಗಿದ್ರೆ ಕೊಡೋ ಮುಂಚೆ ಒಂದು ಗುಟುಕು ತಣ್ಣೀರು ಕುಡಿಸಿ, ನಾಲಿಗೆ ತಣ್ಣಗಾದ್ರೆ ಕಹಿ ಕಮ್ಮಿ ಅನ್ಸುತ್ತೆ.

ಪ್ರತಿ ಸಲ ಸೀಸೆ ಚೆನ್ನಾಗಿ ಕುಲುಕಿ. ಪುಡಿ ತಳಕ್ಕೆ ಕೂತಿರುತ್ತೆ, ಕುಲುಕದಿದ್ರೆ ಮೊದಲ ದಿನ ನೀರು, ಕೊನೆಯ ದಿನ ಗಟ್ಟಿ ಔಷಧಿ. ಪುಡಿಗೆ ನೀರು ಬೆರೆಸೋ ಸಿರಪ್ ಆದ್ರೆ ಮೊದಲು ಸೀಸೆ ತಟ್ಟಿ ಪುಡಿ ಸಡಿಲ ಮಾಡಿ, ಕುದಿಸಿ ಆರಿಸಿದ ನೀರು ಅರ್ಧ ಹಾಕಿ ಕುಲುಕಿ, ನೊರೆ ಇಳಿದ ಮೇಲೆ ಗುರುತಿನವರೆಗೆ ತುಂಬಿಸಿ. ನೊರೆಯನ್ನೇ ನೀರು ಅಂತ ಲೆಕ್ಕ ಹಾಕಿದ್ರೆ ಅಳತೆ ತಪ್ಪುತ್ತೆ. ಬೆರೆಸಿದ ತಾರೀಕು ಸೀಸೆ ಮೇಲೆ ಬರೆಯಿರಿ. ಫ್ರಿಜ್‌ನಲ್ಲಿಡಬೇಕಾ, ಎಷ್ಟು ದಿನಕ್ಕೆ ಎಸೀಬೇಕು ಅನ್ನೋದು ಲೇಬಲ್ ಮೇಲಿರುತ್ತೆ.

ಪ್ಯಾರಾಸಿಟಮಾಲ್‌ನಲ್ಲಿ ಎಂಎಲ್ ನೋಡಿ ಮೋಸ ಹೋಗಬೇಡಿ. ಡಾಕ್ಟರ್ 150 ಮಿಲಿಗ್ರಾಂ ಹೇಳಿದ್ದಾರೆ ಅಂದ್ಕೊಳ್ಳಿ. 5 ಎಂಎಲ್‌ನಲ್ಲಿ 125 ಇರೋ ಸಿರಪ್ ಆದ್ರೆ 6 ಎಂಎಲ್, 250 ಇರೋದಾದ್ರೆ 3 ಎಂಎಲ್, ಒಂದೇ ಎಂಎಲ್‌ನಲ್ಲಿ 100 ಇರೋ ಡ್ರಾಪ್ಸ್ ಆದ್ರೆ ಬರೀ ಒಂದೂವರೆ. ತಮ್ಮನ ಡ್ರಾಪ್ಸ್ ಸೀಸೆ ಹಿಡಿದು ಅಕ್ಕನ 6 ಎಂಎಲ್ ಅಳೆದ್ರೆ ನಾಲ್ಕು ಪಟ್ಟು! ಎರಡು ಡೋಸ್ ನಡುವೆ ಕನಿಷ್ಠ 4 ಗಂಟೆ, 24 ಗಂಟೆಯಲ್ಲಿ 4ಕ್ಕಿಂತ ಜಾಸ್ತಿ ಸಲ ಬೇಡ. ಶೀತದ ಕೆಲವು ಸಿರಪ್‌ಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತೆ, ಲೇಬಲ್ ಓದಿ. ಅಪ್ಪ ಒಂದ್ಸಲ, ಅಜ್ಜಿ ಒಂದ್ಸಲ ಕೊಡದ ಹಾಗೆ ಫ್ರಿಜ್ ಬಾಗಿಲಿಗೆ ಒಂದು ಚೀಟಿ ಅಂಟಿಸಿ, ಕೊಟ್ಟವರು ಗಂಟೆ ಬರೀಲಿ.

ಉಗುಳಿದ್ರೆ ಅಂದಾಜಿನ ಮೇಲೆ ಇನ್ನೊಂದು ಡೋಸ್ ಬೇಡ. ಎಷ್ಟು ಹೊತ್ತಿಗೆ, ಎಷ್ಟು ಹೊರಗೆ ಬಂತು ಅಂತ ಡಾಕ್ಟರಿಗೆ ಫೋನ್ ಮಾಡಿ ಹೇಳಿ. ಕೊಟ್ಟು ಅರ್ಧ ಗಂಟೆ ಆದ ಮೇಲೆ ವಾಂತಿಯಾದ್ರೆ ಸಾಮಾನ್ಯವಾಗಿ ಮತ್ತೆ ಕೊಡೋ ಅಗತ್ಯ ಇರಲ್ಲ.

ಮೂರನೆಯವಳು:
ಕೈಚಳಕ ಎಲ್ಲಾ ಸರಿ, ಮಾತಿನಲ್ಲೂ ಸ್ವಲ್ಪ ಇದೆ. "ಔಷಧಿ ಕುಡೀತೀಯಾ ಪುಟ್ಟಾ?" ಅಂತ ಕೇಳಿದ್ರೆ ಆ ವಯಸ್ಸಿಗೆ ಬರೋ ಉತ್ತರ ಒಂದೇ. "ಕುರ್ಚಿ ಮೇಲೋ, ಮಡಿಲಲ್ಲೋ?" ಅಂತ ಕೇಳಿ. ಎರಡರಲ್ಲಿ ಯಾವುದು ಹೇಳಿದ್ರೂ ಗೆದ್ದಿದ್ದು ನೀವೇ, ಗೆದ್ದೆ ಅಂದ್ಕೊಳ್ಳೋದು ಅವಳು. ಮುಂಚೆ ಖಾಲಿ ಸಿರಿಂಜ್‌ನಲ್ಲಿ ನೀರು ತುಂಬಿಸಿ ಬೊಂಬೆಗೆ ಕುಡಿಸೋಕೆ ಬಿಡಿ, ಪಿಸ್ಟನ್ ಒತ್ತೋ ಕೆಲಸ ಸಿಕ್ಕಿದ್ರೆ ಅರ್ಧ ಹಟ ಇಳಿಯುತ್ತೆ. ಬೊಂಬೆ ಮಾತ್ರ ಯಾವತ್ತೂ ಉಗುಳಲ್ಲ. "ಇದು ಚಾಕೊಲೇಟು" ಅನ್ನಬೇಡಿ. ನಂಬಿದ್ರೆ ನಾಳೆ ಸ್ಟೂಲ್ ಹಾಕ್ಕೊಂಡು ಕಪಾಟು ಹತ್ತಿ ಇಡೀ ಸೀಸೆ ಖಾಲಿ ಮಾಡ್ತಾಳೆ, ಒತ್ತಿ ತಿರುಗಿಸೋ ಮುಚ್ಚಳ ಅವರನ್ನು ತಡ ಮಾಡಿಸುತ್ತೆ ಅಷ್ಟೇ, ತಡೆಯಲ್ಲ. ಬಣ್ಣದ ಸಿರಪ್ ಇರೋ ವಾರ ಬಿಳಿ ಬಟ್ಟೆ ಹಾಕ್ಕೋಬೇಡಿ, ಇಬ್ಬರೂ. ಕಲೆ ಆದ್ರೆ ಕೂಡಲೇ ತಣ್ಣೀರಲ್ಲಿ ಜಾಲಿಸಿ.

ನಿದ್ದೆಗೆಟ್ಟಮ್ಮ:
ಸಿರಿಂಜ್ ತರ್ತೀನಿ. ಇನ್ನೊಂದು ಪ್ರಶ್ನೆ, ನಿದ್ದೆ ಮಾಡ್ತಿರುವಾಗ ಮೆಲ್ಲಗೆ ಬಾಯಿಗೆ ಬಿಡಬಹುದಾ? ಆಗ ಮಾತ್ರ ದೇವತೆ ಥರ ಇರ್ತಾಳೆ.

ಅಳತೆಮುಚ್ಚಳ:
ಬೇಡ, ಗಾಢ ನಿದ್ದೆಯಲ್ಲಿ ಸರಿಯಾಗಿ ನುಂಗಲ್ಲ, ಉಸಿರುನಾಳಕ್ಕೆ ಹೋಗಬಹುದು. ದಿನಕ್ಕೆರಡು ಸಲದ್ದಾದ್ರೆ ಬೆಳಿಗ್ಗೆ 7, ಸಂಜೆ 7 ಇಟ್ಕೊಳ್ಳಿ, ಎಬ್ಬಿಸೋ ಪ್ರಮೇಯವೇ ಬರಲ್ಲ. ಜ್ವರದ್ದಕ್ಕೆ ಆರಾಮಾಗಿ ಮಲಗಿರೋ ಮಗುವನ್ನು ಎಬ್ಬಿಸಬೇಕಾಗಿಲ್ಲ, ಡಾಕ್ಟರ್ ಬೇರೆ ಹೇಳಿದ್ರೆ ಅಷ್ಟೇ.