ಗಾಳಿಗೆ ಮಲಗಿದ ತೇಗ, ವಾಲಿದ ಹೆಬ್ಬೇವು: ಯಾವುದು ಉಳಿಸೋದು, ಯಾವುದು ಕೊಯ್ಯೋದು?

ಹೊಳಲ್ಕೆರೆ ಬದು (ಪ್ರಶ್ನೆ)

ಹೊಳಲ್ಕೆರೆ ತಾಲ್ಲೂಕು, ಕೆಂಪು ಮಣ್ಣು, ಒಂದೂವರೆ ಅಡಿ ಕೆಳಗೆ ಗಟ್ಟಿ ಗೊರಚು. ಒಟ್ಟು ಎರಡೂವರೆ ಎಕರೆ. ಅರ್ಧದಲ್ಲಿ 11 ವರ್ಷದ ತೇಗ, 10x10 ಅಡಿ ಅಂತರ. ಇನ್ನರ್ಧದಲ್ಲಿ 2 ವರ್ಷದ ಹೆಬ್ಬೇವು, ಡ್ರಿಪ್ ಇದೆ. ಬದುವಿನ ಮೇಲೆ ಸಿಲ್ವರ್ ಓಕ್. ಭರಣಿ ಮಳೆಯ ಬಿರುಗಾಳಿಗೆ ತೇಗ ಸುಮಾರು 60 ಬುಡಸಮೇತ ಕಿತ್ತಿವೆ, 40 ನಡುವೆ ಮುರಿದಿವೆ. ಹೆಬ್ಬೇವು ಅರ್ಧಕ್ಕರ್ಧ ವಾಲಿ ನಿಂತಿವೆ. ಬಿದ್ದದ್ದು ನಿಂತದ್ದು ಎಲ್ಲ ಸೇರಿಸಿ ಗುತ್ತಿಗೆ ಕೊಡಿ ಎಂದು ಒಬ್ಬ ವ್ಯಾಪಾರಿ ಕೇಳುತ್ತಿದ್ದಾರೆ. ಮೊದಲು ಏನು ಮಾಡಬೇಕು? ವಾಲಿದ ಗಿಡ ಎತ್ತಿ ನಿಲ್ಲಿಸಬಹುದೇ? ಪರವಾನಗಿ ಬೇಕೇ?

ಕಡತ ನೋಡುವವ

ಅಣ್ಣ, ಗರಗಸ ಹಚ್ಚುವ ಮೊದಲು ಫೋಟೊ. ಪ್ರತಿ ಸಾಲಿಗೆ ನಿಂತು ಬೇರು ಕಾಣುವ ಹಾಗೆ, ಜಾಗ ಮತ್ತು ದಿನಾಂಕ ಮೂಡುವ ಆ್ಯಪ್‌ನಲ್ಲೇ ತೆಗೆಯಿರಿ. ಬಿದ್ದ ಮರಕ್ಕೆ ಸುಣ್ಣದಲ್ಲಿ ನಂಬರು ಹಾಕಿ, ಎದೆಮಟ್ಟದ ಸುತ್ತಳತೆ ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ತೇಗಕ್ಕೆ ಪರವಾನಗಿ ಬೇಕೇ ಬೇಕು, ಬಿದ್ದದ್ದಾದರೂ ಸರಿ. ಪಹಣಿ, ನಕ್ಷೆ, ಆ ಪಟ್ಟಿ ಮತ್ತು ಫೋಟೊ ಸೇರಿಸಿ ವಲಯ ಅರಣ್ಯ ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ 8ನೇ ಕಲಂ ಪ್ರಕಾರ ಒಣಗಿದ, ರೋಗ ತಗುಲಿದ ಅಥವಾ ಗಾಳಿಗೆ ಬಿದ್ದ ಮರ ತೆಗೆಯಲು ಅನುಮತಿ ನಿರಾಕರಿಸುವಂತಿಲ್ಲ. ಅರ್ಜಿಯಲ್ಲಿ ‘ಗಾಳಿಗೆ ಬಿದ್ದ ಮರಗಳು’ ಎಂಬ ಮಾತು ಇರಲೇಬೇಕು. ಸ್ಥಳ ಮಹಜರಿಗೆ ಮುಂಚೆ ತುಂಡು ಮಾಡಿಬಿಟ್ಟರೆ ಬಿದ್ದದ್ದೋ ಕಡಿದದ್ದೋ ಎಂದು ಸಾಬೀತು ಮಾಡುವ ಭಾರ ನಿಮ್ಮ ತಲೆ ಮೇಲೆ ಬರುತ್ತದೆ. ಸಾಗಿಸಲು ರಹದಾರಿ ಪರವಾನಗಿ ಬೇರೆ. ಸಿಲ್ವರ್ ಓಕ್ ಕಡಿಯಲು ಈ ಕಾಯ್ದೆಯಡಿ ಅನುಮತಿ ಬೇಡ. ಮಧ್ಯೆ ಎಲ್ಲಾದರೂ ಗಂಧದ ಗಿಡ ಬಿದ್ದಿದ್ದರೆ ಮುಟ್ಟಬೇಡಿ, ಅದನ್ನು ಅರ್ಜಿಯಲ್ಲಿ ಪ್ರತ್ಯೇಕ ತೋರಿಸಿ.

ಬೆಳೆ ನಷ್ಟ ಪರಿಹಾರಕ್ಕೆ ಗ್ರಾಮ ಆಡಳಿತ ಅಧಿಕಾರಿಗೂ ಅದೇ ದಿನ ಅರ್ಜಿ ಕೊಡಿ. ಪಹಣಿಯ ಬೆಳೆ ಕಾಲಂನಲ್ಲಿ ಮರಗಳು ದಾಖಲಾಗಿವೆಯೇ ಎಂದು ಮೊದಲು ನೋಡಿಕೊಳ್ಳಿ. ಅಲ್ಲಿ ಪಾಳು ಅಥವಾ ರಾಗಿ ಎಂದಿದ್ದರೆ ಅರ್ಜಿ ನಿಲ್ಲುವುದು ಅಲ್ಲೇ.

ಬೇರು ಬುಡ

ವಿದ್ಯುತ್ ತಂತಿ ಮೇಲೆ ಒರಗಿದ ಮರ ಇದ್ದರೆ ಹತ್ತಿರ ಹೋಗಬೇಡಿ, ಬೆಸ್ಕಾಂ 1912ಕ್ಕೆ ಕರೆ ಮಾಡಿ ಲೈನ್ ತೆಗೆಸಿ.

ಹೆಬ್ಬೇವಿನ ವಿಷಯದಲ್ಲಿ ತಡ ಮಾಡುವಂತಿಲ್ಲ. ಮಣ್ಣು ಹಸಿ ಇರುವಾಗಲೇ, ಮೂರು ನಾಲ್ಕು ದಿನದೊಳಗೆ ಎತ್ತಬೇಕು. ನೆಟ್ಟಗಿನಿಂದ 45 ಡಿಗ್ರಿಗಿಂತ ಹೆಚ್ಚು ವಾಲಿದ್ದನ್ನು, ತೊಗಟೆ ಸೀಳಿದ್ದನ್ನು ಬಿಟ್ಟುಬಿಡಿ. ಸುಮ್ಮನೆ ಎಳೆದು ನಿಲ್ಲಿಸಿದರೆ ಮತ್ತೆ ಬೀಳುತ್ತದೆ, ಯಾಕೆಂದರೆ ಎದ್ದ ಬೇರಿನ ಅಡಿಯ ಟೊಳ್ಳಿಗೆ ಮಣ್ಣು ಕುಸಿದು ಬೇರು ಮೊದಲಿನ ಜಾಗದಲ್ಲಿ ಕೂರುವುದಿಲ್ಲ. ಆ ಮಣ್ಣನ್ನು ಕೈಯಿಂದ ತೆಗೆದು, ಹರಿದ ಬೇರನ್ನು ಹರಿತ ಕತ್ತರಿಯಿಂದ ನುಣ್ಣಗೆ ಕತ್ತರಿಸಿ, ಆಮೇಲೆ ನಿಧಾನ ಎಳೆಯಿರಿ. ಮಣ್ಣನ್ನು ಸ್ವಲ್ಪ ಸ್ವಲ್ಪ ಹಾಕಿ ಕಾಲಲ್ಲಿ ತುಳಿದು ಗಾಳಿ ಹೊರಡಿಸಿ.

ಮೂರು ದಿಕ್ಕಿಗೆ ಎರಡೂವರೆ ಅಡಿಯ ಗೂಟ, ತೆಂಗಿನ ನಾರಿನ ಹಗ್ಗ. ಗಿಡಕ್ಕೆ ತಾಗುವಲ್ಲಿ ಹಳೆ ಸೈಕಲ್ ಟ್ಯೂಬು ಸುತ್ತಿ. ಕಟ್ಟು ಗಿಡದ ಅರ್ಧ ಎತ್ತರದಲ್ಲಿರಲಿ; ತುದಿಗೆ ಕಟ್ಟಿದರೆ ಕಾಂಡ ಗಾಳಿಗೆ ಆಡದೆ ಬುಡ ದಪ್ಪವಾಗುವುದಿಲ್ಲ. ಪಕ್ಕದ ಕೊಂಬೆಯಲ್ಲಿ ಮೂರನೇ ಒಂದು ಭಾಗ ಇಳಿಸಿ, ನಡು ಸುಳಿ ಮುರಿಯಬೇಡಿ. ಒಂದು ಮಳೆಗಾಲ ಕಳೆದ ಮೇಲೆ ಹಗ್ಗ ಬಿಚ್ಚುವುದನ್ನು ಮರೆತರೆ ಅದೇ ತೊಗಟೆ ಕೊಯ್ಯುತ್ತದೆ.

11 ವರ್ಷದ ತೇಗವನ್ನು ಎತ್ತಿ ನಿಲ್ಲಿಸುವ ಆಸೆ ಬೇಡ. ಆದರೆ ಬುಡ ಕೀಳಿಸಬೇಡಿ, ತೇಗ ಚೆನ್ನಾಗಿ ಚಿಗುರುತ್ತದೆ. ಅನುಮತಿ ಬಂದ ಮೇಲೆ ಮುರಿದ ಮರವನ್ನು ನೆಲದಿಂದ 10–15 ಸೆಂಟಿಮೀಟರ್ ಎತ್ತರಕ್ಕೆ, ನೀರು ಜಾರುವಂತೆ ಓರೆಯಾಗಿ ಗರಗಸದಿಂದಲೇ ಕೊಯ್ಯಿರಿ. ಕೊಡಲಿ ಹಾಕಿದರೆ ತೊಗಟೆ ಬಿಟ್ಟುಕೊಳ್ಳುತ್ತದೆ, ಚಿಗುರು ಬರುವುದೇ ಆ ಅಂಚಿನಿಂದ. ಕಿತ್ತ ಮರದಲ್ಲೂ ಒಂದು ಕಡೆ ಬೇರು ಮಣ್ಣಲ್ಲೇ ಇದ್ದರೆ ಬುಡ ಉಳಿಸಿ ನೋಡಿ. ತುದಿ ಮಾತ್ರ ಮುರಿದದ್ದಾದರೆ ಮುರಿದ ಕೆಳಗೆ ನುಣ್ಣಗೆ ಕತ್ತರಿಸಿ ಮರ ಹಾಗೇ ಬಿಡಿ.

ಗಾಯಕ್ಕೆ ಬೋರ್ಡೊ ಮುಲಾಮು: 1 ಕೆಜಿ ಮೈಲುತುತ್ತ 5 ಲೀಟರ್ ನೀರಲ್ಲಿ, 1 ಕೆಜಿ ಸುಣ್ಣ 5 ಲೀಟರ್‌ನಲ್ಲಿ, ಎರಡೂ ಪ್ಲಾಸ್ಟಿಕ್ ಬಕೆಟಿನಲ್ಲಿ ಕರಗಿಸಿ ಸೇರಿಸಿ. ಕುಡುಗೋಲು ಅದ್ದಿದಾಗ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು.

ಕೊಯ್ಯುವವರಿಗೆ ಒಂದೇ ಎಚ್ಚರಿಕೆ. ಕಿತ್ತ ಮರದ ಕಾಂಡ ಕೊಯ್ದು ಬೇರ್ಪಡಿಸಿದೊಡನೆ ಬೇರಿನ ಗಡ್ಡೆ ಹಿಂದಕ್ಕೆ ಧಪ್ಪನೆ ಕೂರುತ್ತದೆ. ಆ ಗುಂಡಿಯಲ್ಲಿ ಯಾರೂ ನಿಲ್ಲಬಾರದು, ಮಕ್ಕಳನ್ನಂತೂ ತೋಟದ ಹತ್ತಿರ ಬಿಡಬೇಡಿ. ಬಾಗಿ ಬಿಗಿದ ಕಾಂಡವನ್ನು ಒತ್ತಿಕೊಂಡ ಒಳಮೈಯಲ್ಲಿ ಸ್ವಲ್ಪ ಕೊಯ್ದು, ಆಮೇಲೆ ಎಳೆದಿರುವ ಹೊರಮೈ ಕೊಯ್ಯಿರಿ. ತಿರುವುಮುರುವು ಆದರೆ ಸೀಳಿ ಎದೆಗೆ ಬಡಿಯುತ್ತದೆ.

ಹೊಳಲ್ಕೆರೆ ಬದು

ತುಂಬಾ ಉಪಕಾರ ಸರ್. ಬುಡದಿಂದ ಹತ್ತಾರು ಚಿಗುರು ಬಂದರೆ ಎಷ್ಟು ಬಿಡೋದು? ಗುತ್ತಿಗೆ ಲೆಕ್ಕ ಹೇಗೆ?

ಬೇರು ಬುಡ

ಎದೆಯೆತ್ತರ ಬರುವಾಗ ಎರಡು, ಮುಂದಿನ ವರ್ಷ ಒಂದೇ. ನೆಲಕ್ಕೆ ಅಂಟಿ ಹುಟ್ಟಿದ್ದನ್ನು ಉಳಿಸಿಕೊಳ್ಳಿ. ಮೇಲಂಚಿನ ಚಿಗುರು ಎಷ್ಟೇ ದಪ್ಪ ಕಂಡರೂ ಗಾಳಿಗೆ ಸಂದಿಯಲ್ಲೇ ಕಳಚಿಕೊಳ್ಳುತ್ತದೆ.

ಅಳತೆ ಟೇಪು

ಒಟ್ಟು ಗುತ್ತಿಗೆ ಕೊಡಬೇಡಿ, ನಿಂತ ಮರವನ್ನಂತೂ ಈ ಗಡಿಬಿಡಿಯಲ್ಲಿ ಮಾರಲೇಬೇಡಿ. ದಿಮ್ಮಿಯ ನಡುವಿನ ಸುತ್ತಳತೆಯನ್ನು ಇಂಚಿನಲ್ಲಿ ಹಿಡಿದು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಅಡಿ ಲೆಕ್ಕದ ಉದ್ದದಿಂದ ಗುಣಿಸಿ, 144ರಿಂದ ಭಾಗಿಸಿದರೆ ಘನ ಅಡಿ. ನಡು ಸುತ್ತಳತೆ 24 ಇಂಚು, ಉದ್ದ 10 ಅಡಿ ಇದ್ದರೆ 2.5 ಘನ ಅಡಿ. ಅದೇ ದಿಮ್ಮಿಯನ್ನು ತೆಳು ತುದಿಯಲ್ಲಿ 18 ಇಂಚು ಎಂದು ಹಿಡಿದರೆ 1.4. ಟೇಪು ಎಲ್ಲಿ ಸುತ್ತುತ್ತಾರೆ ಎನ್ನುವುದರಲ್ಲೇ ನಿಮ್ಮ ದುಡ್ಡು ಇದೆ. ಅನುಮತಿ ಬರುವವರೆಗೆ ತೇಗ ಕಾಯುತ್ತದೆ. ಕೊಯ್ದ ಮೇಲೆ ನೆರಳಲ್ಲಿ ಅಡ್ಡ ತೊಲೆಯ ಮೇಲಿಟ್ಟು, ಎರಡೂ ತುದಿಗೆ ಡಾಂಬರು ಬಳಿದರೆ ಸೀಳು ಕಡಿಮೆ. ಸಿಲ್ವರ್, ಹೆಬ್ಬೇವು ಕಾಯುವುದಿಲ್ಲ, ಬೇಗ ನೀಲಿ ಬೂಸ್ಟು ಹಿಡಿಯುತ್ತದೆ. ಅವನ್ನು ಮೊದಲು ಸಾಗಿಸಿ.

ಗೊರಚು ನೆಲ

ಕಿತ್ತ ಒಂದು ಹೆಬ್ಬೇವಿನ ಬೇರು ತೊಳೆದು ನೋಡ್ರಿ. ಚೀಲದಲ್ಲಿದ್ದಾಗಿನ ಸುರುಳಿ ಹಾಗೇ ಇದ್ದರೆ ನೆಡುವಾಗ ಬಿಡಿಸಿಲ್ಲ ಎಂದರ್ಥ. ಬೇರೆಲ್ಲ ಡ್ರಿಪ್ಪರ್ ಕಡೆಗೇ ಮೇಲುಮೇಲೆ ಹರಡಿದ್ದರೆ ನೀರು ಬುಡಕ್ಕೇ ಬೀಳುತ್ತಿದೆ. ಉಳಿದ ಗಿಡಗಳಿಗೆ ಡ್ರಿಪ್ಪರನ್ನು ಬುಡದಿಂದ ಎರಡು ಅಡಿ ಆಚೆ ಸರಿಸಿ, ಎರಡೂ ಪಕ್ಕ ಒಂದೊಂದು ಇಡಿ, ದಿನಾ ಸ್ವಲ್ಪ ಬಿಡುವ ಬದಲು ವಾರಕ್ಕೊಮ್ಮೆ ಆಳಕ್ಕೆ ಇಳಿಯುವಷ್ಟು ಬಿಡಿ.

ಖಾಲಿ ಜಾಗಕ್ಕೆ ಗುಂಡಿ 2x2x2 ಅಡಿ, ಗೊರಚು ಒಡೆದೇ ತೆಗೆಯಬೇಕು. ಒಂದಡಿ ಗುಂಡಿ ಅಲ್ಲಿ ಕುಂಡ ಇದ್ದ ಹಾಗೆ, ಬೇರು ಅದರೊಳಗೇ ಸುತ್ತುತ್ತದೆ. ಈಗ ತೆಗೆದು ಬಿಸಿಲಿಗೆ ಬಿಟ್ಟು ಮೃಗಶಿರ–ಆರಿದ್ರ ಮಳೆಯಲ್ಲಿ ನೆಡಿ. ಸಸಿಗೆ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ನೋಂದಾಯಿಸಿ. ಬದುಕಿ ಉಳಿದ ಸಸಿ ಎಣಿಸಿ ಮೂರು ವರ್ಷ ಪ್ರೋತ್ಸಾಹಧನ ಕೊಡುತ್ತಾರೆ.

ಮರಗಳು ಯಾವ ದಿಕ್ಕಿಗೆ ಬಿದ್ದಿವೆ ಎಂದು ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಿ. ಗಾಳಿ ನುಗ್ಗಿದ ಬದಿಗೆ ಸರ್ವೆ ಅಥವಾ ಸಿಲ್ವರ್ ಎರಡು ಸಾಲು, ಒಂದರ ಸಂದಿಗೆ ಇನ್ನೊಂದು ಬರುವಂತೆ. ಗೋಡೆಯಂತೆ ಒತ್ತಾಗಿ ಬೆಳೆಸಬೇಡಿ, ಗಾಳಿ ಮೇಲಿಂದ ಹಾರಿ ಹಿಂದೆ ಸುಳಿಯಾಗಿ ಬೀಳುತ್ತದೆ. ಸ್ವಲ್ಪ ಸೋಸಿ ಹೋಗಬೇಕು. ನಿಂತ ತೇಗದಲ್ಲಿ ಕೃಶವಾದದ್ದು ತೆಗೆಯುವುದಿದ್ದರೂ ಈ ವರ್ಷ ಬೇಡ. ನೂರು ಮರ ಹೋಗಿ ಸಂದು ಬಿದ್ದಿದೆ, ಉಳಿದವು ಆ ಗಾಳಿಗೆ ಬೇರು ಗಟ್ಟಿ ಮಾಡಿಕೊಳ್ಳಲು ಎರಡು ಮಳೆಗಾಲವಾದರೂ ಬಿಡಿ.