ನಾಝಲ್ ಲೋಡ್ ಮಿತಿ ಮೀರುತ್ತಿದೆ: ಎಲ್ಲಾ ಸಪೋರ್ಟ್‌ಗೂ ಟೆಫ್ಲಾನ್ ಹಾಕಲೇ?

ಪ್ರಶ್ನೆ

ನಮಸ್ಕಾರ. 8 ಇಂಚಿನ ಕಾರ್ಬನ್ ಸ್ಟೀಲ್ ಸಕ್ಷನ್ ಲೈನ್ (ಪಂಪ್‌ಗೆ ಎಣ್ಣೆ ತರುವ ಪೈಪ್), ಒಳಗೆ 150 ಡಿಗ್ರಿ ಬಿಸಿ ಎಣ್ಣೆ. ಟ್ಯಾಂಕ್ ಪಕ್ಕದಲ್ಲೇ ಒಂದು ಲೂಪ್ (ಪೈಪ್ ಬೆಳೆದಾಗ ಬಾಗಿ ಜಾಗ ಕೊಡುವ ಬಳಸು) ಇದೆ. ಅಲ್ಲಿಂದ ನೆಟ್ಟಗೆ 24 ಮೀಟರ್ ಬಂದು, ಎಲ್ಬೋ ತಿರುಗಿ 2 ಮೀಟರ್ ಕೆಳಗಿಳಿದು ಪಂಪ್‌ನ ಟಾಪ್ ನಾಝಲ್‌ಗೆ (ಪೈಪ್ ಜೋಡಿಸುವ ಮೇಲಿನ ಬಾಯಿಗೆ) ಸೇರುತ್ತದೆ. ಪಂಪ್‌ನಿಂದ 3 ಮೀಟರ್ ದೂರಕ್ಕೆ ಮೊದಲ ಸಪೋರ್ಟ್, ಆಮೇಲೆ 6 ಮೀಟರ್‌ಗೆ ಒಂದರಂತೆ ಇನ್ನೂ ಮೂರು. ಎಲ್ಬೋ ಹತ್ತಿರ ಒಂದು ಸ್ಪ್ರಿಂಗ್.

ಸಪೋರ್ಟ್‌ಗಳಲ್ಲಿ ಫ್ರಿಕ್ಷನ್ (ಉಜ್ಜಾಟದ ಗುಣಾಂಕ) ಸೊನ್ನೆ ಕೊಟ್ಟು ಲೆಕ್ಕ ಹಾಕಿದರೆ ನಾಝಲ್ ಮೇಲಿನ ಎಲ್ಲಾ ಲೋಡೂ ಎಪಿಐ 610 (ಪಂಪ್‌ಗಳ ಸ್ಟ್ಯಾಂಡರ್ಡ್) ಮಿತಿಯೊಳಗಿದೆ. 0.3 ಕೊಟ್ಟ ಕೂಡಲೇ ಮೊಮೆಂಟ್ (ನಾಝಲನ್ನು ಬಗ್ಗಿಸುವ, ತಿರುಚುವ ಲೋಡ್) ಮಿತಿಯ 1.4 ಪಟ್ಟು ಆಗುತ್ತದೆ. ನಾಲ್ಕೂ ಸಪೋರ್ಟ್‌ಗೆ ಟೆಫ್ಲಾನ್ ಪ್ಲೇಟ್ ಹಾಕಿದರೆ ಸಾಕಲ್ವಾ?

ಉತ್ತರ

ಟೆಫ್ಲಾನ್ ಆಮೇಲೆ ನೋಡೋಣ. ಪೈಪ್ ಯಾವ ಕಡೆ ಹೋಗುತ್ತಿದೆ ಅಂತ ಮೊದಲು ನೋಡಿ.

ಕಾರ್ಬನ್ ಸ್ಟೀಲ್ 100 ಡಿಗ್ರಿಗೆ ಮೀಟರ್‌ಗೆ ಸುಮಾರು 1.2 ಮಿ.ಮೀ. ಬೆಳೆಯುತ್ತದೆ. ನಿಮ್ಮ ಲೈನ್ 30 ಡಿಗ್ರಿಯಿಂದ 150ಕ್ಕೆ ಏರಿದರೆ 24 ಮೀಟರ್‌ಗೆ ಹತ್ತಿರ ಹತ್ತಿರ 35 ಮಿ.ಮೀ. ಆಯಿತು. ಲೂಪ್ ಮೆತ್ತಗಿದೆ, ಪಂಪ್ ಗಟ್ಟಿ. ಹಾಗಾಗಿ ಪೈಪ್ ಪಂಪ್‌ಗೆ ಒರಗಿಕೊಂಡು ಲೂಪ್ ಕಡೆ ಸರಿಯುತ್ತದೆ. ಸರಿಯುವಾಗ ಪ್ರತಿ ಸಪೋರ್ಟೂ ಅದನ್ನು ಪಂಪ್ ಕಡೆಗೇ ತಳ್ಳುತ್ತದೆ. ಪೈಪ್, ಎಣ್ಣೆ, ಇನ್ಸುಲೇಷನ್ ಸೇರಿ ಒಂದು ಸಪೋರ್ಟ್ ಮೇಲೆ ಸುಮಾರು 5 ಕಿಲೋನ್ಯೂಟನ್ ತೂಕ ಇರುತ್ತದೆ. ಅದರ 0.3 ಅಂದರೆ 1.5. ನಾಲ್ಕು ಸೇರಿದರೆ 6. ಎಪಿಐ 610 ಟೇಬಲ್‌ನಲ್ಲಿ 8 ಇಂಚಿನ ನಾಝಲ್‌ಗೆ ಒಂದೊಂದು ದಿಕ್ಕಿಗೆ ಸಿಗುವುದು ಸುಮಾರು 3ರಿಂದ 5 ಕಿಲೋನ್ಯೂಟನ್ ಮಾತ್ರ. ಅದರ ಮೇಲೆ ನಿಮಗೆ 2 ಮೀಟರ್ ಎತ್ತರದ ಲೀವರ್ ಬೇರೆ ಇದೆ.

ಟೆಫ್ಲಾನ್ ಹಾಕಿದರೆ 0.3 ಹೋಗಿ 0.1 ಆಗುತ್ತದೆ, 6 ಕಿಲೋನ್ಯೂಟನ್ 2ಕ್ಕೆ ಇಳಿಯುತ್ತದೆ. ಲೆಕ್ಕದಲ್ಲಿ ಪಾಸ್ ಆದರೂ ಆಗಬಹುದು. ಆದರೆ ಧೂಳು ಕೂತು ಪ್ಲೇಟ್ ಕೆಟ್ಟರೆ ಆ ಲೋಡ್ ಮತ್ತೆ ಪಂಪ್‌ಗೇ ಬರುತ್ತದೆ. ಅದಕ್ಕಿಂತ ಒಂದು ಲೈನ್ ಸ್ಟಾಪ್ ಕೊಡಿ, ಅಂದರೆ ಪೈಪ್ ಉದ್ದಕ್ಕೆ ಸರಿಯದಂತೆ ತಡೆಯುವ ಸಪೋರ್ಟ್. ಸಪೋರ್ಟ್‌ಗಳ ಫ್ರಿಕ್ಷನ್ ಪೂರ್ತಿ ಸ್ಟಾಪ್‌ಗೆ ಹೋಗಲಿ.

ಮರುಪ್ರಶ್ನೆ

ಸರ್, 3 ಮೀಟರ್ ದೂರದ ಮೊದಲ ಸಪೋರ್ಟ್‌ನಲ್ಲೇ ಸ್ಟಾಪ್ ಕೊಟ್ಟು ನೋಡಿದೆ. ಮೊಮೆಂಟ್ ಇನ್ನೂ ಜಾಸ್ತಿ ಆಯಿತು! ಫ್ರಿಕ್ಷನ್ ಸೊನ್ನೆ ಇಟ್ಟರೂ ಫೇಲ್.

ಉತ್ತರ

ಜಾಗ ನಾನು ಆಗಲೇ ಹೇಳಬೇಕಿತ್ತು. ಸ್ಟಾಪ್‌ನಿಂದ ಎಲ್ಬೋವರೆಗಿನ 3 ಮೀಟರ್ ಪೈಪೂ ಬೆಳೆಯುತ್ತದೆ, ಸುಮಾರು 4.3 ಮಿ.ಮೀ. ಹಿಂದೆ ಹೋಗೋಕೆ ಸ್ಟಾಪ್ ಬಿಡುವುದಿಲ್ಲ, ಹಾಗಾಗಿ ಅಷ್ಟೂ ಪಂಪ್ ಕಡೆಗೆ ಬರುತ್ತದೆ. 8 ಇಂಚಿನ ಪೈಪ್‌ನ 2 ಮೀಟರ್ ಲೆಗ್ ತುಂಬಾ ಬಿರುಸು. ಅದನ್ನು ಅಷ್ಟು ಬಗ್ಗಿಸಲು ಬೇಕಾಗುವ ಬಲವನ್ನು ಯಾವ ನಾಝಲೂ ತಡೆಯುವುದಿಲ್ಲ.

ಸ್ಟಾಪ್ ಇರಬೇಕಾದ್ದು ನಾಝಲ್‌ನ ಸೆಂಟರ್ ಲೈನ್‌ನಲ್ಲೇ. ಎಲ್ಬೋಗೆ ಪೈಪ್‌ನ ನೇರಕ್ಕೆ ಒಂದು ಡಮ್ಮಿ ಲೆಗ್ (ಎಣ್ಣೆ ಹರಿಯದ, ಹಿಡಿಯೋಕಷ್ಟೇ ಇರುವ ಪೈಪ್ ತುಂಡು) ವೆಲ್ಡ್ ಮಾಡಿ, ಅಲ್ಲಿ ಹಿಡಿಯಿರಿ. ಆಗ ಸ್ಟಾಪ್‌ಗೂ ನಾಝಲ್‌ಗೂ ನಡುವೆ ಬೆಳೆಯಲು ಪೈಪೇ ಉಳಿಯುವುದಿಲ್ಲ. ಇಡೀ 24 ಮೀಟರ್ ಲೂಪ್ ಕಡೆ ಬೆಳೆಯಲಿ, ಅದಕ್ಕೇ ತಾನೇ ಲೂಪ್ ಇರುವುದು.

ಗ್ಯಾಪ್ ವಿಷಯದಲ್ಲಿ ಹುಷಾರು. ಬೇರೆ ಕಡೆ ಸ್ಟಾಪ್‌ಗೆ 2-3 ಮಿ.ಮೀ. ಗ್ಯಾಪ್ ಬಿಟ್ಟರೆ ನಡೆಯುತ್ತದೆ, ಇಲ್ಲಿ ಒಂದು ಮಿ.ಮೀ. ಕೂಡ ಲೆಕ್ಕಕ್ಕೆ ಬರುತ್ತದೆ. ಸ್ಟಾಪ್ ಕೂರುವ ಕಟ್ಟಡದ ಸ್ಟೀಲ್ ಸಣಕಲಾಗಿ ಬಾಗಿದರೂ ಅದು ಗ್ಯಾಪ್ ಇದ್ದ ಹಾಗೇ. ಸ್ಟೀಲ್‌ನ ಸ್ಟಿಫ್‌ನೆಸ್ ಮಾಡೆಲ್‌ಗೆ ಹಾಕಿ.

ಮರುಪ್ರಶ್ನೆ

ಈಗ ಅಡ್ಡ ದಿಕ್ಕಿನ ಲೋಡ್ ಚೆನ್ನಾಗಿ ಇಳಿಯಿತು. ಆದರೆ ನಾಝಲ್ ಮೇಲೆ ಲಂಬ ಲೋಡ್ ಏರಿದೆ. ಸ್ಪ್ರಿಂಗ್ ಇದ್ದರೂ ಯಾಕೆ ಹೀಗೆ?

ಉತ್ತರ

ಬಹಳ ಒಳ್ಳೆ ಗಮನ. ಇದನ್ನು ಎಷ್ಟೋ ಜನ ನೋಡದೆ ಬಿಡುತ್ತಾರೆ. 2 ಮೀಟರ್ ಲೆಗ್ ಬಿಸಿಯಾಗಿ ಸುಮಾರು 3 ಮಿ.ಮೀ. ಮೇಲೇಳುತ್ತದೆ. ಅದೇ ಹೊತ್ತಿಗೆ ಡಮ್ಮಿ ಲೆಗ್ 6 ಕಿಲೋನ್ಯೂಟನ್‌ನಲ್ಲಿ ಸ್ಟಾಪ್‌ಗೆ ಒತ್ತಿಕೊಂಡಿರುತ್ತದೆ. ಸ್ಟೀಲ್ ಮೇಲೆ ಸ್ಟೀಲ್ ಉಜ್ಜಿದರೆ 1.8 ಕಿಲೋನ್ಯೂಟನ್ ಕೆಳಗೆ ಹಿಡಿದೆಳೆಯುತ್ತದೆ. ಸ್ಪ್ರಿಂಗ್ ಎತ್ತುತ್ತದೆ, ಸ್ಟಾಪ್ ಹಿಡಿದುಕೊಳ್ಳುತ್ತದೆ, ನಡುವೆ ನಾಝಲ್ ಸಿಕ್ಕಿಕೊಳ್ಳುತ್ತದೆ.

ಟೆಫ್ಲಾನ್ ಬೇಕಾದ್ದು ಇಲ್ಲಿ, ಸ್ಟಾಪ್‌ನ ಮುಖಕ್ಕೆ. ಇನ್ನೂ ಒಳ್ಳೆಯದೆಂದರೆ ಸ್ಟಾಪ್ ತೆಗೆದು ಅಡ್ಡಕ್ಕೆ ರಿಜಿಡ್ ಸ್ಟ್ರಟ್ (ತಳ್ಳಿದರೂ ಎಳೆದರೂ ತಡೆಯುವ ಗಟ್ಟಿ ಸರಳು) ಹಾಕುವುದು. ಎರಡೂ ತುದಿಗೆ ಪಿನ್ ಇರುವುದರಿಂದ 3 ಮಿ.ಮೀ.ಗೆ ಅದು ಸುಮ್ನೆ ತೂಗುತ್ತದೆ. ಉಜ್ಜಾಟವೂ ಇಲ್ಲ, ಗ್ಯಾಪೂ ಇಲ್ಲದಷ್ಟೇ. ಜಾಗ ಇದ್ದರೆ ನಾನಂತೂ ಪಂಪ್ ಹತ್ತಿರ ಸ್ಟ್ರಟ್ ಬಿಟ್ಟು ಬೇರೆ ಯೋಚಿಸುವುದಿಲ್ಲ.

ಸ್ಪ್ರಿಂಗ್ ಕೆಳಗಿನಿಂದ ಹೊರುವ ತರಹದ್ದಾ? ಹಾಗಿದ್ದರೆ ಅದರ ಮೇಲಿನ ಪ್ಲೇಟ್‌ನಲ್ಲೂ ಪೈಪ್ ಜಾರುತ್ತದೆ, ಅಲ್ಲೂ ಫ್ರಿಕ್ಷನ್ ಕೊಡಿ.

ಮರುಪ್ರಶ್ನೆ

ಸ್ಟ್ರಟ್ ಹಾಕಿದೆ. ಫ್ರಿಕ್ಷನ್ ಇದ್ದಾಗಲೂ ಇಲ್ಲದಾಗಲೂ ಮಿತಿಯೊಳಗಿದೆ! ನಾಲ್ಕು ಸಪೋರ್ಟ್‌ನ ಟೆಫ್ಲಾನ್ ಕೈಬಿಟ್ಟೆ. ಸೈಟ್‌ನಲ್ಲಿ ಏನು ನೋಡಬೇಕು?

ಉತ್ತರ

ತುಂಬಾ ಖುಷಿಯಾಯಿತು. ಸ್ಟ್ರಟ್‌ನ ಉದ್ದವನ್ನು ಪೈಪ್ ತಣ್ಣಗಿರುವಾಗ, ಅದನ್ನು ಎಳೆಯದೆ ತಳ್ಳದೆ ಹೊಂದಿಸಿ ಲಾಕ್‌ನಟ್ ಬಿಗಿಯಿರಿ. ಕಪ್ಲಿಂಗ್‌ಗೆ (ಪಂಪ್ ಶಾಫ್ಟ್ ಅದನ್ನು ತಿರುಗಿಸುವ ಶಾಫ್ಟ್‌ಗೆ ಸೇರುವ ಜಾಗಕ್ಕೆ) ಡಯಲ್ ಗೇಜ್ ಇಟ್ಟು ಫ್ಲಾಂಜ್ ಬೋಲ್ಟ್ ಬಿಗಿಯಿರಿ. ಯಂತ್ರ ಕೂರಿಸುವ ಸ್ಟ್ಯಾಂಡರ್ಡ್ ಎಪಿಐ 686 ಪ್ರಕಾರ ಶಾಫ್ಟ್ 0.05 ಮಿ.ಮೀ.ಗಿಂತ ಜಾಸ್ತಿ ಅಲುಗಬಾರದು. ಹೈಡ್ರೋಟೆಸ್ಟ್ (ನೀರು ತುಂಬಿ ಒತ್ತಡ ಕೊಡುವ ಪರೀಕ್ಷೆ) ಮುಗಿದ ಮೇಲೆ, ಬಿಸಿ ಮಾಡುವ ಮುಂಚೆ, ಸ್ಪ್ರಿಂಗ್‌ನ ಲಾಕ್ ತೆಗೆದಿದ್ದಾರಾ ಅಂತ ಕಣ್ಣಾರೆ ನೋಡಿ. ಮೊದಲ ಸಲ ಬಿಸಿಯಾಗಿ ತಣ್ಣಗಾದ ಮೇಲೆ ಶಾಫ್ಟ್‌ಗಳ ಅಲೈನ್‌ಮೆಂಟ್ ಮತ್ತೆ ಅಳೆಯಿರಿ. ಫ್ರಿಕ್ಷನ್ ಇರುವ ಲೈನ್ ಹೊರಟ ಜಾಗಕ್ಕೇ ಸರಿಯಾಗಿ ವಾಪಸ್ ಬರುವುದಿಲ್ಲ.