ಪ್ರಶ್ನೋತ್ತರ: ಜಪಾನ್–ಫಿಲಿಪೈನ್ಸ್ ಸೇನಾ ಒಪ್ಪಂದ ಮತ್ತು ನಮ್ಮ ಹಡಗಿನ ಹುಡುಗರು

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಈ ಭಾನುವಾರ ನಿಮ್ಮ ಪ್ರಶ್ನೆಗಳಿಗೆ ಉತ್ತರ ಕೊಡುವವರು ನಮ್ಮ ಗುಂಪಿನ ಸದಸ್ಯರೇ. ನೌಕಾಪಡೆಯಲ್ಲಿ ಕಮಾಂಡರ್ ಆಗಿ ನಿವೃತ್ತರಾಗಿ ಈಗ ಕುಂಬಳೆಯಲ್ಲಿದ್ದಾರೆ. ಜಪಾನ್ ಮತ್ತು ಫಿಲಿಪೈನ್ಸ್ ನಡುವಿನ ಸೇನಾ ಒಪ್ಪಂದ 2025ರ ಸೆಪ್ಟೆಂಬರ್ 11ರಿಂದ ಜಾರಿಗೆ ಬಂದಿದೆ. ಉದುಮ, ಬೇಕಲ, ಹೊಸದುರ್ಗ ಕಡೆಯ ಎಷ್ಟೋ ಹುಡುಗರು ಮರ್ಚೆಂಟ್ ನೇವಿಯಲ್ಲಿದ್ದಾರೆ, ಫಿಲಿಪೈನ್ಸಿನ ಪಕ್ಕದ ದಕ್ಷಿಣ ಚೀನಾ ಸಮುದ್ರದಲ್ಲಿ ಹೋಗಿ ಬರುತ್ತಾರೆ. ಹಾಗಾಗಿ ಈ ವಿಷಯ. ಒಬ್ಬರಿಗೆ ಒಂದು ಪ್ರಶ್ನೆ ಸಾಕು.

ಉಪ್ಪಳದಿಂದ: ಸರ್, ಜಪಾನ್ ಸೈನ್ಯ ಫಿಲಿಪೈನ್ಸಿಗೆ ಬಂದು ಕೂತಿದೆಯಂತೆ. ಮೂರನೇ ಮಹಾಯುದ್ಧ ಶುರುವಾಗುತ್ತದಾ?

ಕಮಾಂಡರ್: ಬಂದು ಕೂತಿಲ್ಲ. ಇದು ನೆಲೆ ಕೊಡುವ ಒಪ್ಪಂದ ಅಲ್ಲ. ಕವಾಯತಿಗೋ ಭೂಕಂಪದ ಪರಿಹಾರಕ್ಕೋ ಒಂದು ದೇಶದ ಪಡೆ ಇನ್ನೊಂದು ದೇಶಕ್ಕೆ ಹೋದಾಗ ಒಳಗೆ ಬರುವುದು ಹೇಗೆ, ಬಂದೂಕು, ವಾಹನ ತರುವುದು ಹೇಗೆ, ಅಲ್ಲಿ ಯಾರಾದರೂ ಅಪರಾಧ ಮಾಡಿದರೆ ಯಾವ ದೇಶದ ಕೋರ್ಟು, ಇಷ್ಟನ್ನು ಹೇಳುವ ಕಾಗದ. ಯುದ್ಧವಾದರೆ ಜೊತೆಗೆ ಬರಲೇಬೇಕು ಎಂಬ ಮಾತು ಅದರಲ್ಲಿಲ್ಲ. ಅಂಥ ಒಪ್ಪಂದ ಫಿಲಿಪೈನ್ಸಿಗೆ ಅಮೆರಿಕದ ಜೊತೆ ಉಂಟು, 1951ರಿಂದ.

ಮಂಜೇಶ್ವರದಿಂದ: ನಾನು ಹೈಸ್ಕೂಲ್ ಟೀಚರ್. ಎರಡನೇ ಮಹಾಯುದ್ಧದ ಪಾಠ ಮಾಡುವಾಗ ಒಬ್ಬಳು ಹುಡುಗಿ ಎದ್ದು ಕೇಳಿದಳು. "ಮನಿಲಾದಲ್ಲಿ ಜಪಾನಿನವರು ಅಷ್ಟು ಜನರನ್ನು ಕೊಂದರಲ್ಲ ಟೀಚರ್, ಈಗ ಅವರನ್ನೇ ಹೇಗೆ ಮನೆಯೊಳಗೆ ಕರೆಯುತ್ತಾರೆ? ಮರೆತೇಬಿಟ್ಟರಾ?" ನನಗೆ ಉತ್ತರ ಹೊಳೆಯಲಿಲ್ಲ.

ಕಮಾಂಡರ್: ಟೀಚರ್, ಮರೆತಿಲ್ಲ ಎಂದು ಆ ಹುಡುಗಿಗೆ ಹೇಳಿ. ನಮ್ಮ ಹಡಗು ಮನಿಲಾಕ್ಕೆ ಹೋಗಿದ್ದಾಗ ಒಂದು ಸಂಜೆ ಇಂಟ್ರಾಮ್ಯೂರೋಸ್ ಎಂಬ ಹಳೇ ಕೋಟೆ ಪೇಟೆಗೆ ನಡೆದುಕೊಂಡು ಹೋದೆ. ಅಲ್ಲಿ ಸಣ್ಣ ಚೌಕದಲ್ಲಿ ಒಂದು ಸ್ಮಾರಕ ಉಂಟು, 1995ರಲ್ಲಿ ಮಾಡಿದ್ದು. ತಲೆ ಮೇಲೆ ಬಟ್ಟೆ ಹೊದ್ದ ಹೆಂಗಸು ಕುಸಿದು ಕೂತಿದ್ದಾಳೆ, ಕೈಯಲ್ಲಿ ಸತ್ತ ಮಗು, ಸುತ್ತ ಸಾಯುತ್ತಿರುವವರು. ಅವಳ ತಲೆ ಎಷ್ಟು ಬಾಗಿದೆ ಎಂದರೆ ಮುಖ ನೋಡಬೇಕಾದರೆ ನಾವೂ ಬಗ್ಗಬೇಕು. ನಾನು ಬಗ್ಗಿ ನೋಡಿದೆ. ಆಮೇಲೆ ಅಲ್ಲಿ ಜಾಸ್ತಿ ಹೊತ್ತು ನಿಲ್ಲಲು ಆಗಲಿಲ್ಲ.

1945ರ ಫೆಬ್ರವರಿಯಲ್ಲಿ, ಒಂದೇ ತಿಂಗಳಲ್ಲಿ, ಆ ಊರಿನ ಸುಮಾರು 1 ಲಕ್ಷ ಸಾಮಾನ್ಯ ಜನ ಸತ್ತರು. ಜಪಾನಿ ಸೈನಿಕರು ಕೊಂದವರು ಉಂಟು, ಊರು ಬಿಡಿಸಿಕೊಳ್ಳಲು ಬಂದ ಅಮೆರಿಕನ್ನರ ಫಿರಂಗಿಗೆ ಸಿಕ್ಕಿ ಸತ್ತವರೂ ಉಂಟು. ಎಲ್ಪಿಡಿಯೋ ಕಿರಿನೋ ಎಂಬವರ ಹೆಂಡತಿ ಮತ್ತು ಮೂವರು ಮಕ್ಕಳನ್ನು ಆಗ ಜಪಾನಿ ಸೈನಿಕರು ಕೊಂದರು. ಇದೇ ಕಿರಿನೋ ಮುಂದೆ ಫಿಲಿಪೈನ್ಸಿನ ಅಧ್ಯಕ್ಷರಾದರು. 1953ರಲ್ಲಿ, ಜೈಲಿನಲ್ಲಿದ್ದ ನೂರಕ್ಕೂ ಹೆಚ್ಚು ಜಪಾನಿ ಯುದ್ಧಾಪರಾಧಿಗಳಿಗೆ ಕ್ಷಮೆ ಕೊಟ್ಟರು. ಈ ದ್ವೇಷ ತನ್ನ ಮಕ್ಕಳಿಗೆ ಬಳುವಳಿಯಾಗಿ ಹೋಗಬಾರದು ಎಂದು ಅವರು ಕೊಟ್ಟ ಕಾರಣ. ಇದನ್ನು ಕ್ಲಾಸಿನಲ್ಲಿ ನಿಧಾನ ಹೇಳಿ, ಓಡಿಸಬೇಡಿ.

ಕ್ಷಮೆ ಬೇರೆ, ಲೆಕ್ಕ ಬೇರೆ. 1956ರಲ್ಲಿ ಜಪಾನ್ 55 ಕೋಟಿ ಡಾಲರ್ ಪರಿಹಾರ ಕೊಡಲು ಒಪ್ಪಿತು, ಅದೂ 20 ವರ್ಷಕ್ಕೆ ಹಂಚಿ. ಆಮೇಲೆ ಸಾಲ, ರಸ್ತೆ, ಬಂದರು. ಹಾಗೆ ಬಂದದ್ದು ಕೋಸ್ಟ್ ಗಾರ್ಡ್ ಹಡಗುಗಳವರೆಗೆ ಬಂತು. 2022ರಲ್ಲಿ ಜಪಾನ್ ಸಾಲದಲ್ಲಿ, ಜಪಾನಿನಲ್ಲೇ ಕಟ್ಟಿದ 97 ಮೀಟರಿನ ಹಡಗು ಫಿಲಿಪೈನ್ಸ್ ಕೋಸ್ಟ್ ಗಾರ್ಡಿಗೆ ಸೇರಿತು. ಅದಕ್ಕೆ ಅವರಿಟ್ಟ ಹೆಸರು ತೆರೇಸಾ ಮಗ್ಬಾನುವಾ. ಆಕೆ ಸ್ಪೇನ್ ವಿರುದ್ಧ ಹೋರಾಡಿದ ಹೆಂಗಸು. ಮುದುಕಿಯಾದ ಮೇಲೆ, ಜಪಾನ್ ವಿರುದ್ಧ ಕಾಡಿನಲ್ಲಿ ಹೋರಾಡುತ್ತಿದ್ದವರಿಗೆ ಹಣ ಹೊಂದಿಸಿಕೊಟ್ಟವಳು. ಜಪಾನಿನವರೇ ಕಟ್ಟಿದ ಹಡಗಿನ ಮೇಲೆ ಆ ಹೆಸರು ಬರೆದಿದೆ. ಮರೆತವರು ಹಾಗೆ ಹೆಸರಿಡುವುದಿಲ್ಲ.

ಇನ್ನೊಂದು ಮಾತು ಬಿಡಬೇಡಿ. ಜಪಾನಿ ಸೈನಿಕರು ಬಲವಂತವಾಗಿ ಎತ್ತಿಕೊಂಡು ಹೋಗಿದ್ದ ಹುಡುಗಿಯರು ಈಗ ಅಜ್ಜಿಯರು. ಅಲ್ಲಿ 'ಲೋಲಾ' ಅನ್ನುತ್ತಾರೆ. ಅವರ ನೆನಪಿಗೆ 2017ರ ಡಿಸೆಂಬರಿನಲ್ಲಿ ಮನಿಲಾದ ಸಮುದ್ರ ದಂಡೆಯಲ್ಲಿ ಒಂದು ಮೂರ್ತಿ ಇಟ್ಟರು. 2018ರ ಏಪ್ರಿಲಿನಲ್ಲಿ ರಾತ್ರೋರಾತ್ರಿ ತೆಗೆದುಬಿಟ್ಟರು. ಸರಕಾರಗಳು ಕೈ ಕುಲುಕಿದವು, ಆ ಅಜ್ಜಿಯರಿಗೆ ಸಿಗಬೇಕಾದದ್ದು ಸಿಕ್ಕಿಲ್ಲ. ನನ್ನ ಪ್ರಕಾರ ಅದು ತಪ್ಪು.

ಪೆರ್ಲದಿಂದ: ಕಥೆ ಚೆನ್ನಾಗಿದೆ ಸರ್. ಆದರೆ ಜಪಾನ್ ಮತ್ತೆ ಶಸ್ತ್ರ ಹಿಡಿದರೆ ಚೀನಾ ಸುಮ್ನೆ ಇರುತ್ತದಾ? ಶಾಂತಿ ಹೇಗೆ ಬರುತ್ತದೆ?

ಕಮಾಂಡರ್: ಕಥೆ ಅಲ್ಲ, ನಡೆದದ್ದು. ಚೀನಾ ಸುಮ್ನೆ ಇಲ್ಲ. ಆದರೆ ಯಾವುದು ಮೊದಲು ಎಂದು ನೋಡಿ. ಆ ಸಮುದ್ರದಲ್ಲಿ ಫಿಲಿಪೈನ್ಸ್, ಚೀನಾ ಎರಡೂ ತನ್ನದೆನ್ನುವ ಸ್ಕಾರ್ಬರೋ ದಿಬ್ಬ 2012ರಲ್ಲೇ ಚೀನಾದ ಹಿಡಿತಕ್ಕೆ ಹೋಯಿತು. ಸಮುದ್ರದ ಹಕ್ಕಿನ ಬಗ್ಗೆ ಅಂತರರಾಷ್ಟ್ರೀಯ ನ್ಯಾಯಮಂಡಳಿ 2016ರಲ್ಲಿ ಫಿಲಿಪೈನ್ಸ್ ಪರ ತೀರ್ಪು ಕೊಟ್ಟಿತು, ಚೀನಾ ಒಪ್ಪಲಿಲ್ಲ. ಜಪಾನ್ ಜೊತೆಗಿನ ಸಹಿ 2024ರ ಜುಲೈಯಲ್ಲಿ. ನನಗೆ ಹೆದರಿಕೆ ದೊಡ್ಡ ಯುದ್ಧದ್ದಲ್ಲ, ಇಕ್ಕಟ್ಟಿನಲ್ಲಿ ಹಡಗಿಗೆ ಹಡಗು ತಾಗುವುದು. 2024ರ ಜೂನಿನಲ್ಲಿ ಅಂಥದೇ ಒಂದು ತಳ್ಳಾಟದಲ್ಲಿ ಫಿಲಿಪೈನ್ಸಿನ ನಾವಿಕನೊಬ್ಬ ಹೆಬ್ಬೆರಳು ಕಳೆದುಕೊಂಡ. 2025ರ ಆಗಸ್ಟಿನಲ್ಲಿ ಫಿಲಿಪೈನ್ಸ್ ಹಡಗನ್ನು ಅಟ್ಟಿಸಿಕೊಂಡು ಹೋಗುತ್ತಾ ಚೀನಾದ ಎರಡು ಹಡಗುಗಳೇ ಡಿಕ್ಕಿ ಹೊಡೆದುಕೊಂಡವು. ಜೊತೆಗಾರರು ಜಾಸ್ತಿಯಾದರೆ ಎದುರಿನವ ಎರಡು ಸಲ ಯೋಚಿಸುತ್ತಾನೆ, ನಿಜ. ಆದರೆ ಅದೇ ನೀರಿನಲ್ಲಿ ಹಡಗುಗಳೂ ಜಾಸ್ತಿಯಾಗುತ್ತವೆ. ಎರಡೂ ಒಟ್ಟಿಗೆ ನಿಜ.

ಕುಂಬಳೆಯಿಂದ: ನಮ್ಮ ದೇಶಕ್ಕೂ ಇದರಲ್ಲಿ ಪಾಲು ಉಂಟಾ?

ಕಮಾಂಡರ್: ಉಂಟು. 2022ರ ಜನವರಿಯಲ್ಲಿ ಬ್ರಹ್ಮೋಸ್ ಕ್ಷಿಪಣಿಗೆ ಫಿಲಿಪೈನ್ಸ್ ಸುಮಾರು 37.5 ಕೋಟಿ ಡಾಲರಿನ ಒಪ್ಪಂದ ಮಾಡಿತು, 2024ರ ಏಪ್ರಿಲಿನಲ್ಲಿ ಮೊದಲ ಕಂತು ಹೋಯಿತು. 2025ರ ಆಗಸ್ಟಿನಲ್ಲಿ ನಮ್ಮ ನೌಕಾಪಡೆ ಅವರ ಜೊತೆ ಅಲ್ಲೇ ಕವಾಯತು ಮಾಡಿತು.

ಸೀತಾಂಗೋಳಿಯಿಂದ: ವಿಯೆಟ್ನಾಂ ಕೂಡ ಅಮೆರಿಕದ ಜೊತೆ ಹೀಗೇ ಅಲ್ವಾ?

ಕಮಾಂಡರ್: ಹೀಗೇ ಅಲ್ಲ. 1995ರಲ್ಲಿ ಸಂಬಂಧ, 2016ರಲ್ಲಿ ಅಮೆರಿಕ ಶಸ್ತ್ರ ಮಾರಾಟದ ನಿಷೇಧ ತೆಗೆಯಿತು, 2018ರಲ್ಲಿ ಅವರ ವಿಮಾನವಾಹಕ ಹಡಗು ಡಾನಾಂಗಿಗೆ ಬಂತು. ಆದರೆ ವಿಯೆಟ್ನಾಂ ಯಾರ ಸೇನಾ ಕೂಟಕ್ಕೂ ಸೇರುವುದಿಲ್ಲ, ಯಾರಿಗೂ ನೆಲೆ ಕೊಡುವುದಿಲ್ಲ.

ಮುಳ್ಳೇರಿಯದಿಂದ: ಬ್ರಹ್ಮೋಸ್ ಬಿಡಿಭಾಗ ಮಾಡುವ ಕಂಪನಿಯ ಶೇರು ತೆಗೆದುಕೊಳ್ಳಬಹುದಾ ಸರ್?

ಬದಿಯಡ್ಕದಿಂದ: ಈ ಮೆಸೇಜ್ ನಿಜವಾ ಸರ್? "ದಕ್ಷಿಣ ಚೀನಾ ಸಮುದ್ರ ಯುದ್ಧವಲಯ ಎಂದು ಘೋಷಣೆಯಾಗಿದೆ. ಹಡಗಿನಲ್ಲಿರುವವರು 72 ಗಂಟೆಯೊಳಗೆ ಇಳಿಯಬೇಕು, ಇಲ್ಲದಿದ್ದರೆ ವಿಮೆ ಸಿಗುವುದಿಲ್ಲ. 10 ಜನರಿಗೆ ಕಳಿಸಿ."

ಕಮಾಂಡರ್: ಸುಳ್ಳು. ನಡು ಸಮುದ್ರದಲ್ಲಿ 72 ಗಂಟೆಯೊಳಗೆ ಎಲ್ಲಿ ಇಳಿಯುತ್ತಾರೆ? 10 ಜನರಿಗೆ ಕಳಿಸಿ ಎಂದಿದ್ದರೆ ಒಬ್ಬರಿಗೂ ಕಳಿಸಬೇಡಿ. ಹಡಗಿನಲ್ಲಿ ಮಗ ಇರುವ ತಾಯಿ ಇದನ್ನು ಓದಿದರೆ ಆ ರಾತ್ರಿ ನಿದ್ದೆ ಮಾಡುತ್ತಾರಾ?

ಉದುಮದಿಂದ: ನಾನೇ ಆ ತಾಯಿ ಸರ್. ಮಗ ಬಲ್ಕ್ ಹಡಗಿನಲ್ಲಿ ಓಎಸ್, ಅಂದರೆ ಕೆಳಹಂತದ ನಾವಿಕ. ಹಡಗು ಚೀನಾಕ್ಕೆ ಹೋಗುತ್ತಿದೆ. ಇದೇ ಮೆಸೇಜ್ ತೋರಿಸಿ ಏಜೆಂಟ್ ಒಬ್ಬ 85 ಸಾವಿರ ಕೇಳುತ್ತಿದ್ದಾನೆ. ಸೇಫ್ ರೂಟ್ ಸರ್ಟಿಫಿಕೇಟ್ ಮಾಡಿಸಿಕೊಟ್ಟರೆ ಹಡಗು ಬದಲಿಸುತ್ತಾರಂತೆ. ಬಳೆ ಅಡವಿಡಲು ನಾಳೆ ಬ್ಯಾಂಕಿಗೆ ಹೋಗಬೇಕೆಂದಿದ್ದೇನೆ.

ಕಮಾಂಡರ್: ಅಮ್ಮಾ, ನಾಳೆ ಬ್ಯಾಂಕಿಗೆ ಹೋಗಬೇಡಿ. ಒಂದು ರೂಪಾಯಿ ಕೊಡಬೇಡಿ. ಸೇಫ್ ರೂಟ್ ಸರ್ಟಿಫಿಕೇಟ್ ಎಂಬ ಕಾಗದ ಪ್ರಪಂಚದಲ್ಲೇ ಇಲ್ಲ. ಹಡಗು ಯಾವ ದಾರಿಯಲ್ಲಿ ಹೋಗಬೇಕೆಂದು ಕಂಪನಿ ಮತ್ತು ಕ್ಯಾಪ್ಟನ್ ನೋಡಿಕೊಳ್ಳುತ್ತಾರೆ, ಊರಿನ ಏಜೆಂಟ್ ಅಲ್ಲ. ಕೆಲಸ ಕೊಡಿಸಲು ನಾವಿಕನಿಂದ ಹಣ ತೆಗೆದುಕೊಳ್ಳುವುದೇ ನಿಯಮಕ್ಕೆ ವಿರುದ್ಧ. ಅದಕ್ಕೆ ಮೆರಿಟೈಮ್ ಲೇಬರ್ ಕನ್ವೆನ್ಶನ್ ಎಂಬ ಒಪ್ಪಂದ ಉಂಟು, ಭಾರತ 2015ರಲ್ಲಿ ಸೇರಿದೆ. ಹುಡುಗರನ್ನು ಹಡಗಿಗೆ ಕಳಿಸುವವರಿಗೆ ಡಿಜಿ ಶಿಪ್ಪಿಂಗ್ ಎಂಬ ಕೇಂದ್ರ ಸರಕಾರದ ಹಡಗು ಇಲಾಖೆಯ ಆರ್‌ಪಿಎಸ್‌ಎಲ್ ಲೈಸೆನ್ಸ್ ಬೇಕು. ಆ ನಂಬರ್ ಕೇಳಿ, ಡಿಜಿ ಶಿಪ್ಪಿಂಗ್ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ನಂಬರ್ ಕೊಡದಿದ್ದರೆ ಪೊಲೀಸರಿಗೆ ಹೇಳಿ.

ಮಗನಿಗೆ ಹೆದರಿ ಫೋನ್ ಮಾಡಬೇಡಿ, ಅವನು ಅಲ್ಲಿ ಕೆಲಸ ಮಾಡಬೇಕು. ಸಮಾಧಾನದಲ್ಲಿ ಒಂದೇ ಕೇಳಿ: ನಿನ್ನ ಒಪ್ಪಂದದ ಜೊತೆ ಯೂನಿಯನ್ ಅಗ್ರಿಮೆಂಟ್ ಉಂಟಾ? ಇದ್ದರೆ, ನಿಜವಾಗಿ ಯುದ್ಧವಲಯ ಎಂದು ಗುರುತಿಸಿದ ಜಾಗಕ್ಕೆ ಹೋಗುವುದಿಲ್ಲ ಎನ್ನುವ ಹಕ್ಕು ಅದರಲ್ಲಿ ಸಾಮಾನ್ಯವಾಗಿ ಇರುತ್ತದೆ. ಅದಕ್ಕೆ ಹಣ ಕೊಡಬೇಕಾಗಿಲ್ಲ, ಕೆಲಸವೂ ಹೋಗುವುದಿಲ್ಲ. ಸರಕು ಹಡಗುಗಳು ದೊಡ್ಡ ಜಲಮಾರ್ಗದಲ್ಲಿ ಹೋಗುತ್ತವೆ, ಆ ದಿಬ್ಬಗಳಿಂದ ದೂರ ಇರುತ್ತವೆ. ನೀರು ಫಿರಂಗಿಯ ವಿಡಿಯೋ ನೀವು ನೋಡಿರಬಹುದು, ಅದು ಕೋಸ್ಟ್ ಗಾರ್ಡ್ ಮತ್ತು ಮೀನುಗಾರರ ಹಡಗುಗಳದ್ದು.

ಉಪ್ಪಳದಿಂದ: ಹಾಗಾದರೆ ಮೂರನೇ ಮಹಾಯುದ್ಧ ಆಗುವುದಿಲ್ಲ ಎಂದು ಗ್ಯಾರಂಟಿಯಾ?

ಕಮಾಂಡರ್: ಮೇಲೆ ಉತ್ತರಿಸಿದ್ದೇನೆ.

ಬದಿಯಡ್ಕದಿಂದ: ಜಪಾನ್, ಫಿಲಿಪೈನ್ಸ್ ಮಾತಾಡಿ ಬಗೆಹರಿಸಿಕೊಂಡವು. 1956ರಲ್ಲಿ ನಮ್ಮ ಕಾಸರಗೋಡನ್ನು ಕೇರಳಕ್ಕೆ ಸೇರಿಸಿದ್ದು ಮಾತ್ರ ಹಾಗೇ ಉಂಟು. ಚಂದ್ರಗಿರಿ ಹೊಳೆಯ ಉತ್ತರ ಭಾಗ ಕರ್ನಾಟಕಕ್ಕೆ ಎಂದು ಗಡಿ ವಿಚಾರಿಸಿದ ಮಹಾಜನ ಆಯೋಗ 1967ರಲ್ಲೇ ಹೇಳಿದೆ. ಅದನ್ನು ಕೇಳುವವರಿಲ್ಲ.

ನೀಲೇಶ್ವರದಿಂದ: ಅಂದರೆ ಮಲಯಾಳಿಗಳು ನಿಮಗೆ ಶತ್ರುಗಳಾ? ನಾನು ಮನೆಯಲ್ಲಿ ಮಲಯಾಳ ಮಾತಾಡುವವನು. ಕನ್ನಡದ ಮೇಲೆ ಪ್ರೀತಿಯಿಂದ ಈ ಗುಂಪಿಗೆ ಸೇರಿದ್ದೇನೆ.

ಬದಿಯಡ್ಕದಿಂದ: ನಿಮ್ಮ ಬಗ್ಗೆ ಹೇಳಲಿಲ್ಲ. ಕನ್ನಡ ಬಾರದ ಮೇಷ್ಟ್ರನ್ನು ಕನ್ನಡ ಶಾಲೆಗೆ ಹಾಕಿದರೆ ಸುಮ್ನೆ ಇರಬೇಕಾ?

ನೀಲೇಶ್ವರದಿಂದ: ಅದಕ್ಕೆ ನಾನೂ ನಿಮ್ಮ ಜೊತೆ ಧರಣಿ ಕೂತಿದ್ದೇನೆ. ಶತ್ರುಗಳ ಮಾತಿನ ನಡುವೆ ನಮ್ಮನ್ನು ಯಾಕೆ ತಂದಿರಿ?

ಪೆರ್ಲದಿಂದ: ಅವರು ಕೇಳಿದ್ದರಲ್ಲಿ ತಪ್ಪೇನು? ಬೇಜಾರಾದರೆ ಗುಂಪು ಬಿಡಿ.

ಅಡ್ಮಿನ್: ಪೆರ್ಲದವರೇ, ಗುಂಪು ಬಿಡಿ ಎಂದು ಹೇಳುವ ಅಧಿಕಾರ ನಿಮಗಿಲ್ಲ. ಆ ಕಮೆಂಟ್ ತೆಗೆಯಿರಿ.

ಕಮಾಂಡರ್: ಮನಿಲಾದಲ್ಲಿ 1 ಲಕ್ಷ ಜನ ಸತ್ತದ್ದರ ಜೊತೆ ನಮ್ಮ ಗಡಿಯ ಜಗಳವನ್ನು ಇಡಬೇಡಿ. ಶಾಲೆಯ ವಿಷಯ ದೊಡ್ಡದೇ, ಅದಕ್ಕೆ ಬೇರೆ ದಿನ ಮಾತಾಡೋಣ. ಇಲ್ಲಿ ಒಬ್ಬರು ತಾಯಿ ಬಳೆ ಅಡವಿಡಲು ಹೊರಟಿದ್ದಾರೆ. ಅವರ ಪ್ರಶ್ನೆಯನ್ನು ನಲವತ್ತು ಕಮೆಂಟಿನ ಕೆಳಗೆ ಹಾಕಿಬಿಟ್ಟಿರಿ.

ಅಡೂರಿನಿಂದ: ಯುದ್ಧ ಮಾಡುವುದಿಲ್ಲ ಎನ್ನುವ ಜಪಾನಿನ ಸಂವಿಧಾನದ 9ನೇ ವಿಧಿಯ ಪ್ರಕಾರ ಇದೆಲ್ಲ ಸರಿಯಾ ಸರ್?

ಉಪ್ಪಳದಿಂದ: ಸರ್, ಗ್ಯಾರಂಟಿ ಕೇಳಿದ್ದೆ.

ಕಮಾಂಡರ್: ಕೊಡಲು ನನ್ನ ಹತ್ತಿರ ಇಲ್ಲ. ಇನ್ನು ಇದನ್ನು ಕೇಳಬೇಡಿ.

ಉದುಮದಿಂದ: ಸರ್, ನಂಬರ್ ಕೇಳಿದೆ. ಏಜೆಂಟ್ ಫೋನ್ ಕಟ್ ಮಾಡಿದ, ಈಗ ಎತ್ತುತ್ತಿಲ್ಲ. ಮಗ ಸಿಂಗಾಪುರ ದಾಟಿದೆ ಎಂದು ಮೆಸೇಜ್ ಮಾಡಿದ್ದಾನೆ. ಅವನ ಒಪ್ಪಂದದ ಫೋಟೋ ನಿಮಗೆ ಕಳಿಸಲಾ?

ಕಮಾಂಡರ್: ಕಳಿಸಿ ಅಮ್ಮಾ. ಇಲ್ಲಿ ಹಾಕಬೇಡಿ, ನನ್ನ ನಂಬರಿಗೆ ಕಳಿಸಿ. ಇವತ್ತೇ ಓದುತ್ತೇನೆ.